ಕಾಫಿ ಮರದ ಮೂಗು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆಮೇಲೆ ಎಸ್ಟೇಟಿನಲ್ಲಿ ಕಾಫಿ ಗಿಡದ ಕೊಂಬೆ ಸವರುತ್ತಲೇ ನಲವತ್ತು ವರ್ಷ ಕಳೆದವು. ಕಾಫಿ ಮರದಲ್ಲಿ ಊರುಗೋಲು ಕೆತ್ತುವುದು ಅಲ್ಲೇ ಹತ್ತಿದ ಚಟ. ಕುಶಾಲನಗರದ ಪೇಟೆಯಲ್ಲಿ ನನ್ನ ಕೋಲು ಹಿಡಿದು ನಡೆಯುವವರು ಈಗಲೂ ಇದ್ದಾರೆ. ಆದರೆ ನಾನು ಕೆತ್ತಿದ್ದೊಂದು ಆಕಾಶಕ್ಕೆ ಹೋಗಿ ಬಂದಿದೆ. ಅದನ್ನು ಬರೆದಿಡದಿದ್ದರೆ ನನಗೆ ಊಟ ಸೇರುವುದಿಲ್ಲ.

ಒಂಬತ್ತನೇ ಕ್ಲಾಸಿನ ಮೊಮ್ಮಗಳು ಒಂದು ಸಂಜೆ ಶಾಲೆಯಿಂದ ಮಸಿ ಹಿಡಿದ ರಟ್ಟಿನ ಕೊಳವೆಯೊಂದನ್ನು ತಂದಳು. ನನ್ನ ತೋರುಬೆರಳಿನಷ್ಟು ಉದ್ದ, ಹೆಬ್ಬೆರಳಿಗಿಂತ ಕೊಂಚ ದಪ್ಪ. ಹೋದ ವರ್ಷ ದೊಡ್ಡ ಮಕ್ಕಳು ಹಾರಿಸಿದ ರಾಕೆಟ್ಟಿನ ಮೋಟಾರಂತೆ. ಮದ್ದು ಉರಿದು ಮುಗಿದು ಬರೀ ಸಿಪ್ಪೆ ಉಳಿದಿತ್ತು. ನನಗೆ ಗೊತ್ತಿದ್ದ ಮೋಟಾರು ಪಂಪ್‌ಸೆಟ್ಟಿನದೊಂದೇ. ಈ ಸಿಪ್ಪೆಯೇ ಮೈಯಾಗಿರುವ ಪುಟಾಣಿ ರಾಕೆಟ್ ಕಟ್ಟುತ್ತೇನೆ, ಒಳಗೆ ಇನ್ನೂ ಸಣ್ಣದೊಂದು ಹೊಸ ಮೋಟಾರನ್ನು ಟೀಚರೇ ಇಡುತ್ತಾರೆ ಎಂದಳು. ಬಾಲದ ರೆಕ್ಕೆಗಳಿಗೆ ಯಾರದೋ ಮದುವೆ ಕಾಗದದ ದಪ್ಪ ರಟ್ಟನ್ನು ಕತ್ತರಿಸಿದಳು. ಮೂಗನ್ನು ಮಾತ್ರ ತಾತನೇ ಕೆತ್ತಬೇಕೆಂದು ಹಟ ಹಿಡಿದಳು.

ಹಾರುವ ವಸ್ತು ಹಗುರವಾಗಿರಬೇಕು ಎಂದುಕೊಂಡೆ. ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಮರ ಒಣಗಿದರೆ ಬೆಂಡಿನ ಹಾಗೆ. ಅದರಲ್ಲೇ ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿಕೊಟ್ಟೆ. ಅಂಗೈಯಲ್ಲಿಟ್ಟು ಉಫ್ ಎಂದರೆ ಉರುಳುತ್ತಿತ್ತು. ನನಗೆ ಜಂಬವೋ ಜಂಬ.

ಟೀಚರ್ ಬಲು ಕಟ್ಟುನಿಟ್ಟು. ಮೋಟಾರು ಇಟ್ಟ ರಾಕೆಟ್ಟು ಎಲ್ಲಿ ಸಮತೂಗುತ್ತದೋ ಅಲ್ಲಿ ದಾರ ಕಟ್ಟಿ, ತಲೆಯ ಮೇಲೆ ಕವಣೆಯಂತೆ ಬೀಸಿ ನೋಡುತ್ತಾರೆ. ಮೂಗು ಮುಂದಾಗಿ ಸುತ್ತಿದರೆ ಮಾತ್ರ ಹಾರಿಸಲು ಬಿಡುತ್ತಾರೆ. ಗುರುವಾರ ನಮ್ಮದು ಬಾಲ ಮುಂದೆ ಮಾಡಿಕೊಂಡು ಸುತ್ತಿತಂತೆ. ಹಾರಿಸುವ ದಿನ ಶನಿವಾರ. ಅಂದು ಬೆಳಿಗ್ಗೆ ಇನ್ನೊಂದು ಸಲ ನೋಡುವುದು, ಆಗಲೂ ಆಗದಿದ್ದರೆ ಅವಳದನ್ನು ಮೇಜಿನ ಮೇಲೆ ತೋರಿಕೆಗಿಡುವುದು.

ಮೊಮ್ಮಗಳು ಹಾಲುವಾಣದ ಮೂಗನ್ನು ಕೈಯಲ್ಲಿ ತಿರುಗಿಸುತ್ತಾ ನನ್ನೆದುರು ಕೂತಳು. ನನಗೆ ನೋವಾಗದಂತೆ ಹೇಳಲು ಮಾತು ಹುಡುಕುತ್ತಿದ್ದಾಳೆಂದು ಗೊತ್ತಾಯಿತು.

“ತಾತ, ನೀನು ಕೆತ್ತಿದ್ದು ಚೆನ್ನಾಗೇ ಇದೆ. ಮರ ಹಗುರ ಆಯ್ತು. ಮೂಗು ಭಾರ ಇರ್ಬೇಕು.”

“ಭಾರ ಇಟ್ರೆ ಮೇಲಕ್ಕೆ ಹೋಯ್ತದಾ ಮಗ?”

“ಹಿಂದೆ ಮೋಟಾರಿನ ಭಾರ ಇದೆಯಲ್ಲ. ಮುಂದೆ ಅದಕ್ಕಿಂತ ಜಾಸ್ತಿ ಎಳೀಬೇಕು, ಇಲ್ದಿದ್ರೆ ತಿರುಗಿಬಿಡುತ್ತೆ.”

ಒಳಗಿನಿಂದ ನಮ್ಮ ಮನೆಯವಳು, “ನಲವತ್ತು ವರ್ಷ ಕಾಫಿ ಮರ ಹೊತ್ತೋರಿಗೆ ಭಾರ ಯಾವುದು ಅಂತ ಕೂಸು ಹೇಳ್ಕೊಡಬೇಕಾಯ್ತು” ಅಂದಳು.

ಸೌದೆ ರಾಶಿಯಲ್ಲಿ ಹಳೇ ಕಾಫಿ ಗಿಡದ ಬೊಡ್ಡೆಯೊಂದು ಬಿದ್ದಿತ್ತು. ಒಲೆಗೂ ಕೋಲಿಗೂ ಬಿಟ್ಟು ಇನ್ನೊಂದಕ್ಕೆ ಅದು ಆದೀತೆಂದು ನಾನು ನೆನೆಸಿದವನಲ್ಲ. ಶುಕ್ರವಾರವಿಡೀ ಕೂತು ಅದರಲ್ಲೇ ಹೊಸ ಮೂಗು ಕೆತ್ತಿದೆ. ಕತ್ತಿಯನ್ನು ಮೂರು ಸಲ ಮಸೆಯಬೇಕಾಯಿತು.

ಶನಿವಾರ ಶಾಲೆಯ ಮೈದಾನದಲ್ಲಿ ಟೀಚರ್ ದಾರ ಬೀಸಿದರು. ಮೊದಲ ಸುತ್ತಿಗೆ ತೂರಾಡಿತು. ನಾನು ಕೋಲನ್ನು ನೆಲಕ್ಕೆ ಒತ್ತಿ ಹಿಡಿದೆ. ಎರಡನೇ ಸುತ್ತಿಗೆ ಕಾಫಿ ಮರದ ನಮ್ಮ ಹಳದಿ ಮೂಗು ಮುಂದಾಯಿತು, ಆಮೇಲೆ ಎಷ್ಟು ಸುತ್ತಿದರೂ ಮುಂದೆಯೇ ಇತ್ತು. ಟೀಚರ್ ಮೊಮ್ಮಗಳ ಬೆನ್ನು ತಟ್ಟಿದರು.

ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದ ತಂತಿಯ ತುದಿಯ ಗುಂಡಿ ಒತ್ತಿದ್ದು ಅವಳೇ. ಸುಯ್ಯೆಂದು ನೆಟ್ಟಗೆ ಹೋಯಿತು, ಸಿಲ್ವರ್ ಓಕ್ ಮರಗಳ ತುದಿ ದಾಟಿ ಹೋಯಿತು. ಮೂಗು ಬಿಚ್ಚಿಕೊಂಡು, ಒಳಗೆ ಮಡಿಸಿಟ್ಟಿದ್ದ ಅವಳ ಅಜ್ಜಿಯ ಸೀರೆಯಂಚಿನ ಪಟ್ಟಿ ಹೊರಗೆ ಬಂದು ಪಟಪಟ ಆಡುತ್ತಿರಲು, ರಾಕೆಟ್ಟು ಮೆಲ್ಲಗೆ ಇಳಿಯಿತು. ಅವಳು ಓಡಿಹೋಗಿ ತಂದು, ಟೀಚರ್ ಕೈಗೂ ಕೊಡದೆ, ಮೊದಲು ನನ್ನ ಅಂಗೈಯಲ್ಲಿಟ್ಟಳು. ಸಿಪ್ಪೆ ಇನ್ನೂ ಬೆಚ್ಚಗಿತ್ತು.

ಆ ಮೂಗನ್ನು ಅವಳು ಈಗ ಯಾರಿಗೂ ಕೊಡುವುದಿಲ್ಲ, ನನಗೂ. ಹಾಗಾಗಿ ಹಾಲುವಾಣದ್ದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ತೋರಿಸಿ, ಇದು ಯಾಕೆ ಹಾರಲಿಲ್ಲ ಗೊತ್ತಾ, ನನ್ನ ಮೊಮ್ಮಗಳು ಹೇಳಿದಳು ಎಂದು ಶುರು ಮಾಡುತ್ತೇನೆ. ಮೊನ್ನೆ ಒಬ್ಬರು ಪೂರ್ತಿ ಕೇಳಿಸಿಕೊಳ್ಳಲಿಕ್ಕೆಂದೇ ತಮ್ಮ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದರು.