ಬೆನ್ನಿನಿಂದ ತೆಗೆದ ನೀರು

ನಾನು ಓದು ನಿಲ್ಲಿಸಿದ್ದು 1999ರಲ್ಲಿ, ಆರನೇ ಕ್ಲಾಸಿನ ನಡುವೆ. ಆಗೆಲ್ಲ ತಮಿಳು ಸೀಮೆಯಲ್ಲಿದ್ದ ನಮ್ಮ ಕನ್ನಡ ನೇಕಾರರ ಬೀದಿಯ ಮಕ್ಕಳು ಶಾಲೆಯಿಂದ ಬಂದವರೇ ರಾಟೆಯ ಮುಂದೆ ತಲೆ ಬಗ್ಗಿಸಿ ಕೂರಬೇಕು. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ಯಾರು ಹೆಚ್ಚು ನೂಲು ಸುತ್ತುತ್ತಾರೆ ಎಂಬುದೇ ನಮ್ಮ ಆಟ. ಗೆಲ್ಲುತ್ತಿದ್ದವನು ನಾನೇ.

ಆ ವರ್ಷ ಚಳಿಗಾಲದಲ್ಲಿ ಜ್ವರ ಬಂತು. ಕತ್ತು ಹಲಗೆಯಂತೆ ಬಿಗಿಯಿತು. ನಮ್ಮ ಮನೆಗಳಲ್ಲಿ ಮಕ್ಕಳ ಕತ್ತು ಹಿಡಿದರೆ ಅದು ರಾಟೆ ನೋವು. ಬೇರೇನನ್ನೂ ಯಾರೂ ಯೋಚಿಸುತ್ತಿರಲಿಲ್ಲ.

"ಜಾಸ್ತಿ ಸುತ್ತಬ್ಯಾಡ ಅಂದ್ರೆ ಕೇಳಿದ್ಯಾ? ಊರಿಗೆಲ್ಲ ಸೀರೆ ಉಡ್ಸಕ್ಕೆ ಹೊರಟವ್ನೆ!" ಎಂದು ಬೈಯುತ್ತಲೇ ಅಜ್ಜಿ ಬಿಸಿ ಎಳ್ಳೆಣ್ಣೆ ತಿಕ್ಕಿದಳು. ಮೂರು ದಿನ ತಿಕ್ಕಿದಳು. ಮೂರನೆಯ ದಿನ ಕುಡಿದ ಕಂಬಿನ, ಅಂದರೆ ಸಜ್ಜೆಯ, ಗಂಜಿಯೆಲ್ಲ ವಾಂತಿಯಾಯಿತು. ಬಾಗಿಲ ಬೆಳಕಿಗೂ ಕಣ್ಣು ಬಿಡಲಾಗಲಿಲ್ಲ. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು, ಅವ್ವನ ಜೊತೆ ಸಿಂಗಾನಲ್ಲೂರಿನ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ತಲೆ ಎತ್ತಿ ನೋಡಿದರು. ತಲೆಯ ಜೊತೆ ಬೆನ್ನೂ ಎದ್ದಿತು. ಮಿದುಳಿನ ಸುತ್ತಲಿನ ಪೊರೆಗೆ ಸೋಂಕು ತಗುಲಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದು ತಮಿಳಿನಲ್ಲಿ ಹೇಳಿ ಒಪ್ಪಿಗೆಯ ಕಾಗದ ಮುಂದಿಟ್ಟರು.

ಅಪ್ಪ ಅವ್ವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಹೋಗ್ತದಂತಲ್ಲ. ಮಗ್ಗ ತುಳಿಯೋ ಕಾಲು ಅದು."

"ಜೀವನೇ ಹೋದ್ಮೇಲೆ ಕಾಲು ಮಡಿಕ್ಕೊಂಡು ಏನ್ ಮಾಡ್ತೀರಿ? ಕೈಯೆಳುತ್ತು ಹಾಕಿ ಮೊದ್ಲು."

ಅಪ್ಪ ಸಹಿ ಹಾಕಿದ. ನರ್ಸು ನನ್ನ ಮಂಡಿಯನ್ನು ಎದೆಗೆ ಒತ್ತಿ ಹಿಡಿದಳು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು, ಅಳು ಬರಲಿಲ್ಲ. ಆ ನೀರು ತಿಳಿಯಾಗಿರಬೇಕಿತ್ತಂತೆ. ಅಪ್ಪ ಸೀಸೆ ನೋಡಿ, "ನೂಲಿಗೆ ಹಾಕೋ ಗಂಜಿಯಂಗೈತೆ," ಎಂದ. ಆಗಲೇ ಇಂಜೆಕ್ಷನ್ ಶುರು ಮಾಡಿದರು. ಎರಡು ವಾರ ನಡೆಯಿತು.

ಜ್ವರ ಇಳಿದ ಮೇಲೆ ಒಂದು ಬೆಳಗ್ಗೆ ಅವ್ವ ಮಂಚದ ಬಲಗಡೆ ನಿಂತು ಕೂಗಿದಳಂತೆ. ನಾನು ತಿರುಗಲಿಲ್ಲ. ಅವಳು ಎಡಕ್ಕೆ ಬಂದು ಬೈದದ್ದು ಮಾತ್ರ ಕೇಳಿಸಿತು: "ಆಸ್ಪತ್ರೆ ಇಡ್ಲಿ ತಿಂದು ದೊರೆ ಆಗ್ಬಿಟ್ಟಾ? ಕೂಗಿದ್ರೂ ತಿರುಗಲ್ಲ!"

ಅವಳು ಇನ್ನೂ ನಗುತ್ತಿದ್ದಳು. ಡಾಕ್ಟರಮ್ಮ ಬಂದು ನನ್ನ ಬಲಗಿವಿಯ ಹತ್ತಿರ ಚಿಟಿಕೆ ಹೊಡೆದು, ಕತ್ತು ಹಿಡಿದು ಎಷ್ಟು ದಿನಕ್ಕೆ ಕರೆತಂದಿರಿ ಎಂದು ಕೇಳಿದರು. ಅವ್ವ ಮೂರು ಬೆರಳು ತೋರಿಸಿದಳು.

ಶಾಲೆಯಲ್ಲಿ ಪಾಠ ಅರ್ಧ ಕೇಳಿಸುತ್ತಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ದುಡಿದೆ. ಅಜ್ಜಿ ಸಾಯುವವರೆಗೂ ನನ್ನ ಎಡಗಡೆಗೇ ಬಂದು ಕೂರುತ್ತಿದ್ದಳು. ಆ ಮೂರು ದಿನದ ಮಾತು ನಾವಿಬ್ಬರೂ ಎತ್ತಲಿಲ್ಲ. ಈಗ ಅವಳಿಲ್ಲ, ಅಪ್ಪನೂ ಇಲ್ಲ.

ಇರುವುದು ಹನ್ನೆರಡು ಪವರ್‌ಲೂಮ್, ಒಂದು ಮನೆ, ಇಬ್ಬರು ಹೆಣ್ಣುಮಕ್ಕಳು, ಒಂದು ಕಿವಿ.