ವಾಪಸ್ ಬರುವ ತಾರೀಕು

ಪಾಸ್‌ಪೋರ್ಟನ್ನು ಎರಡು ಸಲ ಜೆರಾಕ್ಸ್ ಮಾಡಿಸಿ, ಒಂದನ್ನು ಕೈಚೀಲದಲ್ಲೂ ಇನ್ನೊಂದನ್ನು ಪೆಟ್ಟಿಗೆಯಲ್ಲೂ ಇಡಿ. ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಒಯ್ಯಿರಿ. ಬಿಡಿಸಿ ಡಬ್ಬಿಗೆ ತುಂಬಬೇಡಿ. ತುಪ್ಪ, ಬಿತ್ತನೆಬೀಜ, ಮಣ್ಣು ಮೆತ್ತಿದ ಚಪ್ಪಲಿ ಬೇಡ. ಯಾರ ಮನೆಗೆ ಹೋಗುತ್ತೀರೋ ಅವರ ವಿಳಾಸವನ್ನು ಕಾಗದದಲ್ಲಿ ಬರೆಸಿ ಇಟ್ಟುಕೊಳ್ಳಿ, ಫೋನಿನ ಚಾರ್ಜು ಮುಗಿಯುವುದು ಸರಿಯಾಗಿ ವಿಮಾನದಿಂದ ಇಳಿದಾಗಲೇ.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳಿದ್ದೆ. ಹೇಳಿದ್ದೆ ಎಂದು ನೆನಪು. ಯಾವುದನ್ನು ಅವಳಿಗೆ ಹೇಳಿದೆ, ಯಾವುದನ್ನು ಆಮೇಲೆ ಬೇರೆಯವರಿಗೆ ಹೇಳಿದೆ ಎಂಬುದು ಈಗ ಕಲಸಿಹೋಗಿದೆ. ಯಾವಾಗಲೋ ಒಮ್ಮೆ ಒಂದು ವಾರ ಹೊರದೇಶಕ್ಕೆ ಹೋಗಿಬಂದದ್ದಕ್ಕೆ ನಮ್ಮ ನೆಂಟರಲ್ಲೆಲ್ಲ ನಾನೇ ಈ ವಿಷಯದ ಪಂಡಿತೆ.

ಅಕ್ಕ ಹೋಗಬೇಕಾಗಿದ್ದದ್ದು ಮಗಳ ಹತ್ತಿರಕ್ಕೆ. ಮಗಳು ಅಲ್ಲಿ, ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸಾಗಿದ್ದಳು. ಆ ದೇಶಕ್ಕೆ ನಮ್ಮ ಮನೆಗಳಲ್ಲಿ ಹೆಸರಿರಲಿಲ್ಲ, ‘ಅಲ್ಲಿ’ ಅಷ್ಟೇ. ಅವಳಿಗೆ ರಕ್ತದ ಕಾಯಿಲೆ ಎಂದರು. ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ ಎಂದರು. ವಿಡಿಯೋದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು, “ಅಮ್ಮಾ, ಒಂದ್ಸಲ ಬಂದು ಹೋಗು” ಎನ್ನುತ್ತಿದ್ದಳು. ನಿಜವಾಗಿ ಅಂದದ್ದು “ಬಾ” ಎಂದಷ್ಟೇ ಇರಬಹುದು. ‘ಹೋಗು’ ಎಂಬುದನ್ನು ನಾನು ಸೇರಿಸಿರಬಹುದು.

ನಾವಿಬ್ಬರೂ ಹುಟ್ಟಿದ್ದು ಸೊರಬದ ಕಡೆ, ಕುಬಟೂರಿನಲ್ಲಿ. ನಾನು ಸೊರಬದಲ್ಲೇ ಉಳಿದೆ. ಅಕ್ಕ ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಹತ್ತಿರ, ಭತ್ತದ ಗದ್ದೆಯೂ ಕುರಿಹಿಂಡೂ ಇರುವ ಮನೆಗೆ ಸೊಸೆಯಾಗಿ ಹೋದಳು. ಈಗ ಅವಳ ಮಾತು ಕೇಳಿದರೆ ನಮ್ಮ ಮನೆಯವಳು ಎಂದು ಯಾರೂ ಹೇಳಲಾರರು. ಹೊರದೇಶದ ಸುದ್ದಿ ಎತ್ತಿದಾಗ ಅವಳು ನಕ್ಕಳು. “ನನಗ ಮೊದಲ್ನೇ ಪರದೇಶ ಶಿಕಾರಿಪುರಾನೇ ಕಣೆ. ಇವರ ಅತ್ತಿ ಕೈಯಾಗ ಬಾಳ್ವೆ ಮಾಡಿದಾಕಿ ಎಲ್ಲಿ ಬೇಕಾದ್ರೂ ಮಾಡ್ತೀನಿ.”

“ನನ್ನ ಅತ್ತಿ ಅಲ್ಲ, ನಿನ್ನ ಅತ್ತಿ. ನನಗ ಅವ್ವ,” ಎಂದು ಭಾವ ಅಂಗಳದಿಂದಲೇ ತಿದ್ದಿದರು.

ಪೆಟ್ಟಿಗೆಯನ್ನು ತೂಗಿದ್ದು ಕುರಿಮರಿ ತೂಗುವ ಕೊಕ್ಕೆಯ ತಕ್ಕಡಿಯಲ್ಲಿ. ಶುಂಠಿಪುಡಿ, ಮೆಣಸು, ಹುರಿದ ಅಕ್ಕಿಹಿಟ್ಟು, ಮಗಳಿಗೆಂದು ನೂಲಿನ ಹಳೆಯ ಸೀರೆಗಳು. ವೀಸಾ ಬರುವ ಮೊದಲೇ ಪೆಟ್ಟಿಗೆ ತುಂಬಬಾರದು ಎಂದು ನಾನು ಅಂದೆ. ಇದೂ ಒಂದು ಸಲಹೆ, ಬೇಕಾದವರು ಬರೆದುಕೊಳ್ಳಿ.

ವಾಪಸ್ ಬರುತ್ತೇವೆ ಎಂಬುದಕ್ಕೆ ಆಧಾರ ತೋರಿಸಬೇಕು. ಭಾವನ ಹೆಸರಿನಲ್ಲಿ ಗದ್ದೆಯ ಪಹಣಿ ಇತ್ತು. “ಕುರಿಗಂತೂ ಪಹಣಿ ಇಲ್ಲ,” ಎಂದರು ಭಾವ. “ಆದ್ರ ಈಕಿ ಒಂದಿನ ಕಾಣದಿದ್ರ ಅರಚೋವು ಅವೇ. ಗದ್ದಿ ಏನು ಅರಚತೈತಾ?”

ವೀಸಾ ಕಚೇರಿಯಲ್ಲಿ ಕೇಳುವ ಪ್ರಶ್ನೆಗಳನ್ನು ನಾವು ಅಂಗಳದಲ್ಲೇ ಅಭ್ಯಾಸ ಮಾಡಿದೆವು. ಭಾವ ಕಂಬಳಿ ಹೆಗಲಿಗೇರಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಹೇಬರಾಗಿ ಕುಳಿತರು.

“ಯಾಕ ಹೊಂಟೀರಿ?”

“ಮಗಳನ್ನ ನೋಡಾಕ್ರೀ.”

“ಎಲ್ಲಿ ಇರ್ತೀರಿ?”

“ಮಗಳ ರೂಮಿನಾಗ್ರೀ.”

“ಯಾವಾಗ ವಾಪಸ್ ಬರ್ತೀರಿ?”

ಅಕ್ಕ ಸೆರಗು ಸರಿಮಾಡಿಕೊಂಡಳು. “ಅದೊಂದು ಬಿಟ್ಟು ಬ್ಯಾರೆ ಕೇಳ್ರಿ.”

ಅರ್ಜಿಯಲ್ಲಿ ಒಂದು ತಾರೀಕನ್ನು ನಾನೇ ತುಂಬಿದ್ದೆ. ಅದನ್ನೇ ಹೇಳು, ಅದು ಬರಿಯ ಬಾಯಿಮಾತು ಎಂದೆ.

“ಬಾಯಿಮಾತೇ ಅಲ್ಲೇನು ತಟ್ಟೋದು? ಕಾಯಿಲೆ ಮನೀಗೆ ಹೋಗೋರು ಬರೋ ದಿನ ಹೇಳ್ಕೊಂಡು ಹೋಗ್ತಾರೇನೆ?”

“ಅಯ್ಯೋ ಮಾರಾಯ್ತಿ, ಅವರಿಗೆ ಇದೆಲ್ಲ ಗೊತ್ತಿರಲ್ಲ.”

“ನನಗ ಗೊತ್ತೈತಲ್ಲ.”

ಭಾವ ಎದ್ದು ಕಂಬಳಿ ಕೊಡವಿದರು. “ನಾನಂತೂ ವೀಸಾ ಕೊಟ್ಟೆ ತಗಾ. ಹೋಗು, ವಾಪಸ್ ಬರೋದೇ ಬ್ಯಾಡ.” ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳೆಂದೇ ನನ್ನ ನೆನಪು ಹೇಳುತ್ತದೆ. ಆ ಹೊತ್ತಿನಲ್ಲಿ ನಾನೇ ತೆಗೆದ ಒಂದು ಫೋಟೋ ಫೋನಿನಲ್ಲಿದೆ. ಅದರಲ್ಲಿ ಅವಳು ನಗುತ್ತಿಲ್ಲ.

ಬರುವ ದಿನ ಹೇಳಬಾರದೆಂಬ ಮಾತು ಅವಳಿಗೆ ಬಂದದ್ದು ನಮ್ಮ ತವರಿನಿಂದಲೇ. ಅಜ್ಜಿ ಹಾಸಿಗೆ ಹಿಡಿದಾಗ ಚಿಕ್ಕಮ್ಮ ನೋಡಲು ಬಂದಳು. ಚೀಲ ಕೆಳಗಿಡುವ ಮೊದಲೇ, ಮನೆಯಲ್ಲಿ ಕೆಲಸವಿದೆ, ಸೋಮವಾರ ಹೊರಡುತ್ತೇನೆ ಎಂದಳಂತೆ. ಅಜ್ಜಿ ಸೋಮವಾರವೇ ಹೋದಳು. ಕಾಯಿಲೆಯವರ ಮುಂದೆ ಹೊರಡುವ ದಿನ ಹೇಳುವುದೆಂದರೆ ಅವರಿಗೂ ಒಂದು ದಿನ ಗೊತ್ತು ಮಾಡಿದಂತೆ ಎಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದಳು. ನನಗೆ ಅಜ್ಜಿ ಹೋದದ್ದು ಬುಧವಾರ ಎಂದು ನೆನಪು. ಅಕ್ಕನಿಗೆ ಸೋಮವಾರ. ನಮ್ಮಲ್ಲಿ ಒಬ್ಬಳದು ತಪ್ಪು. ಆದರೆ ನನ್ನ ಬುಧವಾರದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಚೆನ್ನೈನ ಆ ಕಚೇರಿಯೊಳಗೆ ನಾನಿರಲಿಲ್ಲ. ಜೊತೆಗೆ ಬಂದವರನ್ನು ಬಿಡುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಅವಳ ಚಪ್ಪಲಿಯನ್ನು ನೆನೆಯುತ್ತ ನಿಂತಿದ್ದೆ. ಊರಿನಿಂದ ಹೊರಡುವಾಗ ತಿಕ್ಕಿ ತೊಳೆದಿದ್ದಳು. ಒಳಗೆ ನಡೆದದ್ದನ್ನು ಅಕ್ಕ ನನಗೆ ಬೇರೆ ಬೇರೆ ಸಲ ಬೇರೆ ಬೇರೆ ರೀತಿ ಹೇಳಿದ್ದಾಳೆ. ಒಂದರಲ್ಲಿ ಗಾಜಿನಾಚೆ ಕುಳಿತದ್ದು ಗಂಡಸು, ಇನ್ನೊಂದರಲ್ಲಿ ಹೆಂಗಸು. ಎಲ್ಲದರಲ್ಲೂ ಪಕ್ಕದಲ್ಲಿ ಕನ್ನಡ ಬರುವ ಒಬ್ಬ ಹುಡುಗಿ ನಿಂತು ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸುತ್ತಾಳೆ.

“ಯಾವಾಗ ವಾಪಸ್ ಬರ್ತೀರಿ ಅಮ್ಮಾ?”

“ಆಕಿ ಎದ್ದು ಓಡಾಡಿದ ಮ್ಯಾಲೆ ರೀ.”

“ಅದು ಯಾವಾಗ?”

“ನನಗ ಹೆಂಗ ಗೊತ್ತಾಗ್ಬೇಕವ್ವಾ.”

“ಒಂದು ತಾರೀಕು ಹೇಳಿಬಿಡಿ ಅಮ್ಮಾ,” ಎಂದು ಹುಡುಗಿ ತಾನಾಗಿಯೇ ತಗ್ಗಿದ ದನಿಯಲ್ಲಿ ಅಂದಳಂತೆ. ಅಕ್ಕ ಕೈಮುಗಿದಳಂತೆ. ಹೊರಗೆ ಬಂದಾಗ ಅವಳ ಕೈಯಲ್ಲಿ ಅಚ್ಚು ಹಾಕಿದ ಒಂದು ಹಾಳೆಯಿತ್ತು. ನೀವು ನಿಮ್ಮ ದೇಶಕ್ಕೆ ಮರಳುತ್ತೀರೆಂಬ ನಂಬಿಕೆ ನಮಗೆ ಬರಲಿಲ್ಲ ಎಂಬುದು ಅದರ ಸಾರ.

ಮತ್ತೆ ಅರ್ಜಿ ಹಾಕಿದೆವು. ಆ ನಡುವೆ ಮಗಳ ಮುಖ ಫೋನಿನಲ್ಲಿ ಚಿಕ್ಕದಾಗುತ್ತ ಬಂತು. ಅವಳೇ ಒಂದು ದಿನ, “ಏನೋ ಒಂದು ತಾರೀಕು ಹೇಳಿ ಬಾರಮ್ಮಾ. ನನಗೇನೂ ಆಗಲ್ಲ,” ಎಂದಳು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಕುರಿಗಳ ಹತ್ತಿರ ಹೋದಳು. ತಿರುಗಿ ಬಂದವಳೇ, ಅರ್ಜಿಯಲ್ಲಿ ಬರೆದ ತಾರೀಕು ಯಾವುದು, ಇನ್ನೊಂದು ಸಲ ಹೇಳು ಎಂದಳು. ಅವಳಿಗೆ ಅದನ್ನು ಬಾಯಿಪಾಠ ಮಾಡಿಸಿದೆ.

ಎರಡನೆಯ ಸಲವೂ ಅದೇ ಹಾಳೆ, ಅದೇ ವಾಕ್ಯ. ಅಕ್ಷರದ ವ್ಯತ್ಯಾಸವೂ ಇರಲಿಲ್ಲ.

ರೈಲಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಚಹಾ ಬೇಕೇ ಎಂದು ಕೇಳಿದೆ. “ಹೇಳ್ದೆ ಕಣೆ,” ಎಂದಳು. “ತಿಂಗಳು, ತಾರೀಕು, ವರ್ಷ ಎಲ್ಲಾ ಹೇಳ್ದೆ. ಗಟ್ಟಿಯಾಗೇ ಹೇಳ್ದೆ.”

ಮಗಳು ಹೋದದ್ದು ಆ ತಾರೀಕಿಗಲ್ಲ. ಕಥೆಯಲ್ಲಾದರೆ ಅದೇ ದಿನಕ್ಕೆ ತಂದು ನಿಲ್ಲಿಸಬಹುದಿತ್ತು, ನಾನೇ ಹಾಗೆ ಮಾಡಿರುತ್ತಿದ್ದೆ. ಅದಕ್ಕೆ ಬಹಳ ಮೊದಲೇ ಹೋದಳು, ಯಾವ ವಿಶೇಷವೂ ಇಲ್ಲದ ಒಂದು ದಿನ. ಅವಳ ಜೊತೆಯ ನರ್ಸೊಬ್ಬಳು ದಹನವನ್ನು ಅಲ್ಲಿಂದ ಫೋನು ಹಿಡಿದು ತೋರಿಸಿದಳು. ಶವದ ಪೆಟ್ಟಿಗೆ, ಪರದೆ, ಪರದೆ ಮುಚ್ಚಿಕೊಂಡದ್ದು. ಭಾವ, “ಬೆಂಕಿ ಯಾಕ ಕಾಣವಲ್ದು?” ಎಂದು ಕೇಳಿದರು.

ತಿಂಗಳುಗಳಾದ ಮೇಲೆ ನಾನು ಗೋಡೆಯ ಕ್ಯಾಲೆಂಡರ್ ತಂದು ಅವಳ ಮುಂದೆ ಹರಡಿದೆ. ನೋಡು, ನೀನು ಹೇಳಿದ ತಾರೀಕು ಇದು, ಅವಳು ಹೋದದ್ದು ಇಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಅಕ್ಕ ಎರಡೂ ಕಡೆ ಬೆರಳಿಟ್ಟು ನೋಡಿದಳು. “ಹೌದು ಬಿಡು,” ಎಂದಳು. ಕ್ಯಾಲೆಂಡರನ್ನು ಸುತ್ತಿ ನನ್ನ ಕೈಗಿಟ್ಟು, “ಹೇಳಬಾರದಿತ್ತು,” ಎಂದಳು. ಆ ಮೇಲೆ ನಾನು ಆ ವಿಷಯ ಎತ್ತಿಲ್ಲ. ಎತ್ತಿದರೂ ನನ್ನ ಹತ್ತಿರ ಇರುವುದು ಆ ಕ್ಯಾಲೆಂಡರ್ ಅಷ್ಟೇ.

ಮೊನ್ನೆ ನಾನು ಅಕ್ಕನ ಮನೆಯಲ್ಲಿದ್ದಾಗ ಅವಳ ಓಣಿಯ ಒಬ್ಬ ಹೆಂಗಸು ಬಂದಳು. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದಾಳೆ, ಕಚೇರಿಯಲ್ಲಿ ಏನು ಕೇಳುತ್ತಾರೋ ಎಂಬ ಹೆದರಿಕೆ. ನನ್ನನ್ನು ಕೇಳಲೆಂದೇ ಬಂದದ್ದು. ನಾನು ಜೆರಾಕ್ಸಿನಿಂದ ಶುರುಮಾಡಿದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ನಡುವೆ ಬಾಯಿ ಹಾಕಿದಳು.

“ವಾಪಸ್ ಯಾವಾಗ ಬರ್ತಿ ಅಂತ ಕೇಳ್ತಾರ. ಕೇಳಿದ ಕೂಡ್ಲೇ ತಾರೀಕು ಹೇಳು. ತಡವರಿಸಬ್ಯಾಡ.”

“ಯಾವ ತಾರೀಕು ಹೇಳ್ಲಿ ಅಕ್ಕಾ?”

ಅಕ್ಕ ಒಂದು ಕಲ್ಲನ್ನು ಆರಿಸಿ ಹೊರಗೆ ಎಸೆದಳು.

“ಯಾವ್ದಾರ ಹೇಳು. ಅವರಿಗೆ ಯಾವ್ದಾದ್ರೂ ನಡೀತೈತಿ.”