ನೀಲಗಿರಿ ಎಣ್ಣೆಯ ಆಂಟಿ

ಅವರ ಬಲಗೈ ಹೆಬ್ಬೆರಳು ಸದಾ ಎಣ್ಣೆಯಿಂದ ಮಿನುಗುತ್ತಿತ್ತು. ಹತ್ತಿರ ಬಂದರೆ ನೀಲಗಿರಿ ಎಣ್ಣೆಯ ಘಾಟು. ಇಂಗ್ಲೆಂಡಿನ ವಿದನ್‌ಶಾದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಉಡುಪಿ ಕಡೆಯವರು, ನರ್ಸ್ ಆಗಿದ್ದು ನಿವೃತ್ತರಾದವರು. ತಲೆನೋವು ಎಂದು ಬಾಯಿಬಿಟ್ಟರೆ ಸಾಕು, ಆ ಹೆಬ್ಬೆರಳು ನಮ್ಮ ಹಣೆಯ ಮೇಲೆ. ಜಿಪಿ ಡಾಕ್ಟರಿಗೆ ಫೋನ್ ಮಾಡಿ ಕಾಯುವಷ್ಟರಲ್ಲಿ ನೋವೇ ಹೋಗಿರುತ್ತಿತ್ತು.

ಅವರ ಹಿತ್ತಲಲ್ಲಿ ಒಂದು ನೀಲಗಿರಿ ಮರವಿತ್ತು. ಎಲೆ ಹಿಸುಕಿ ಮೂಸಲು ಕೊಟ್ಟು ಪಾಠ ಶುರುಮಾಡುತ್ತಿದ್ದರು.

“ಇದು ಆಸ್ಟ್ರೇಲಿಯಾದ ಮರ ಮಾರಾಯ್ತಿ. ಊಟಿ ಕಡೆ ಗುಡ್ಡದಲ್ಲಿ ತಂದು ನೆಟ್ರು, ನಾವು ಗುಡ್ಡದ ಹೆಸರನ್ನೇ ಇಟ್ವು. ಇಲ್ಲಿಯವರು ಯೂಕಲಿಪ್ಟಸ್ ಅಂತಾರಲ್ಲ, ಅದು ಗ್ರೀಕ್ ಮಾತು. ಚೆನ್ನಾಗಿ ಮುಚ್ಚಿದ್ದು ಅಂತ ಅರ್ಥ. ಮೊಗ್ಗಿಗೆ ಟೋಪಿ ಉಂಟು ನೋಡು.”

ಕೊನೆಗೆ ತಪ್ಪದೆ ಒಂದು ಎಚ್ಚರಿಕೆ: “ಎಣ್ಣೆ ದೊಡ್ಡವರಿಗೆ ಮಾತ್ರ. ಮಗುವಿನ ಮೂಗಿನ ಹತ್ತಿರ ತರಬೇಡ, ಆಯ್ತಾ?”

ನಾನು ಆ ಮಾತು ಕೇಳಲಿಲ್ಲ. ಮಗನಿಗೆ ಆಗ ಐದು ತಿಂಗಳು. ಮೂಗು ಕಟ್ಟಿ, ಹಾಲು ಕುಡಿಯಲಾಗದೆ ಎರಡು ದಿನದಿಂದ ಅಳುತ್ತಿದ್ದ. ಊರಲ್ಲಿ ಅಮ್ಮ ಕುಲಾವಿಗೆ ಎರಡು ಹನಿ ಹಾಕುತ್ತಿದ್ದಳಲ್ಲ, ಏನಾಗುತ್ತದೆ ಮಹಾ ಎಂದುಕೊಂಡು ಅವನ ಮೂಗಿನ ಕೆಳಗೇ ಸವರಿಬಿಟ್ಟೆ. ಸ್ವಲ್ಪ ಹೊತ್ತಿಗೆ ಉಸಿರಿಗೆ ಒದ್ದಾಡತೊಡಗಿದ. ನನ್ನ ಕೂಗು ಕೇಳಿ ಆಂಟಿ ಬರಿಗಾಲಲ್ಲೇ ಓಡಿಬಂದರು. ಎಣ್ಣೆ ಒರೆಸಿ, ಆಂಬುಲೆನ್ಸ್ ಕರೆಸಿ, ನನ್ನ ಜೊತೆಗೇ ಆಸ್ಪತ್ರೆಗೆ ಬಂದರು.

ಮಗು ಉಳಿಯಿತು. ಕೆಲಸದಿಂದ ಓಡಿಬಂದ ನನ್ನ ಗಂಡ, “ಎಣ್ಣೆ ಹಚ್ಚಿದ್ದು ಯಾರು?” ಎಂದು ಕೇಳಿದಾಗ ನಾನು ಮಗುವಿನ ಹೊದಿಕೆ ಸರಿಪಡಿಸತೊಡಗಿದೆ.

“ನಾನೇ” ಎಂದರು ಆಂಟಿ.

“ನರ್ಸ್ ಆಗಿದ್ದೋರು ನೀವು. ಇನ್ಮೇಲೆ ನಮ್ಮನೆ ಹೊಸ್ತಿಲು ತುಳೀಬೇಡಿ.”

ಮರುದಿನ ನಾನು ಬೇಲಿಯ ಬಳಿ ನಿಂತು ಅತ್ತುಬಿಟ್ಟೆ. “ನನಗೆ ಬೈದು ಅವನ ಸಿಟ್ಟು ಹೋಗ್ಲಿ ಬಿಡು” ಎಂದರು ಆಂಟಿ. “ನಿನಗೆ ಅವನ ಜೊತೆ ಬಾಳ್ವೆ ಮಾಡ್ಲಿಕ್ಕುಂಟು.”

ನಾಳೆ ಹೇಳಿದರಾಯಿತು ಎನ್ನುತ್ತಲೇ ಆರು ವರ್ಷ ಕಳೆದೆ. ಮಗ ನಡೆಯಲು ಕಲಿತದ್ದನ್ನೂ ಸ್ಕೂಲ್ ಯೂನಿಫಾರ್ಮ್ ತೊಟ್ಟದ್ದನ್ನೂ ಅವರು ಬೇಲಿಯ ಆಚೆಯಿಂದಲೇ ನೋಡಿದರು. ಒಂದು ದಿನವೂ ಎತ್ತಿಕೊಳ್ಳಲಿಲ್ಲ. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಗುತ್ತದೆ.

ಹೋದ ತಿಂಗಳು ಆಂಟಿ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಕಾರಿನ ಬಳಿ ಬಂದಾಗ ನನ್ನ ಗಂಡ ಹೇಳಿದರು: “ಪಾಪ, ಒಳ್ಳೆ ಹೆಂಗಸೇ. ಅದೊಂದು ತಪ್ಪು ಮಾಡಿಬಿಟ್ರು.”

“ಹಚ್ಚಿದ್ದು ನಾನು ಕಣ್ರೀ.”

ಅವರು ತೆರೆದ ಬಾಗಿಲು ಬಿಟ್ಟು ನನ್ನ ಕಡೆ ತಿರುಗಿದರು. ಹಿಂದಿನ ಸೀಟಿನಿಂದ ಮಗ ಕೇಳಿದ: “ವೈ ಡಿಡ್ ಶಿ ನೆವರ್ ಕಮ್ ಟು ಅವರ್ ಹೌಸ್, ಮಮ್?”

ಅವನಿಗೂ ನಾನೇ ಹೇಳಬೇಕಿತ್ತು.